ಸ್ಟೀಲ್ ಗಿಟಾರ್ ನಮ್ಮದೆನ್ನುವ ಮುನ್ನ



ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಸ್ಟೀಲ್ ಗಿಟಾರ್ ಮೂಲತಃ ಭಾರತದ್ದೇ ಎಂಬ ವಾದವನ್ನು ನಿಮ್ಮಲ್ಲಿ ಹಲವರು ಅಭಿಮಾನದಿಂದ ನನಗೆ ಕಳುಹಿಸುತ್ತಿದ್ದೀರಿ. ಅಭಿಮಾನ ಒಳ್ಳೆಯದೇ. ಆದರೆ ಈ ವಾದವನ್ನು ನಾನು ಒಪ್ಪಲಾರೆ. ಏಕೆಂಬುದನ್ನು ಹೇಳುವುದು ಮೇಷ್ಟ್ರಾದವನ ಕರ್ತವ್ಯ.

ಜಾರಿಸಿ ನುಡಿಸುವ ಪದ್ಧತಿ ನಮ್ಮಲ್ಲಿಯೂ ಇದೆ ಎಂಬುದು ನಿಜ. ಉತ್ತರದಲ್ಲಿ ವಿಚಿತ್ರವೀಣೆ, ದಕ್ಷಿಣದಲ್ಲಿ ಗೋಟುವಾದ್ಯ ಅದಕ್ಕೆ ಸಾಕ್ಷಿ. ಗೋಟುವಾದ್ಯದ ನಾರಾಯಣ ಅಯ್ಯಂಗಾರ್ಯರು ಮೈಸೂರು ಅರಮನೆಯ ವಿದ್ವಾಂಸರಾಗಿದ್ದರು. ಹೊನೊಲುಲುವಿನಲ್ಲಿ ಗೇಬ್ರಿಯಲ್ ಡೇವಿಯನ್ ಎಂಬ ಭಾರತ ಮೂಲದ ಯುವಕನೊಬ್ಬ ಮೊದಲೇ ಹೀಗೆ ನುಡಿಸುತ್ತಿದ್ದನೆಂಬ ಹೇಳಿಕೆಯೂ ಉಂಟು. ಆದರೆ ಹೋಲಿಕೆ ಪುರಾವೆಯಲ್ಲ, ಹೇಳಿಕೆ ಇತಿಹಾಸವಲ್ಲ. ಆ ಯುವಕನ ಕಥೆ ಸತ್ಯವೇ ಆದರೂ ಅದರ ಕೀರ್ತಿ ಅವನ ಕೈಗೆ ಸಲ್ಲಬೇಕೇ ಹೊರತು ಕುಳಿತು ಕೇಳಿದ ನಮಗಲ್ಲ.

ಈ ವಾದನಶೈಲಿಯ ಹಿರಿಮೆಯನ್ನು ಸಾಮಾನ್ಯವಾಗಿ ಹವಾಯಿಯ ಜೋಸೆಫ್ ಕೆಕುಕುವಿಗೆ ಸಲ್ಲಿಸುತ್ತಾರೆ. 1889ರ ಸುಮಾರಿಗೆ ಶಾಲಾ ಬಾಲಕನಾಗಿದ್ದ ಅವನು ಬಾಚಣಿಗೆ, ಚಾಕು ಮೊದಲಾದವುಗಳಿಂದ ಪ್ರಯೋಗ ಮಾಡಿ, ಕೊನೆಗೆ ಉಕ್ಕಿನ ತುಂಡನ್ನು ಸಿದ್ಧಪಡಿಸಿಕೊಂಡನಂತೆ. 1931ರಲ್ಲಿ ಜಾರ್ಜ್ ಬ್ಯೂಚಾಂಪ್ ಎಂಬುವರು ಆಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಉಪಾಯವನ್ನು ಗಿಟಾರಿಗೆ ಅಳವಡಿಸಿದರು. ರಿಕೆನ್‌ಬ್ಯಾಕರ್ ಅವರೊಡಗೂಡಿ ತಯಾರಿಸಿದ ಅಲ್ಯೂಮಿನಿಯಂ ಎರಕದ ಆ ವಾದ್ಯಕ್ಕೆ ಅದರ ಆಕಾರದಿಂದಾಗಿ 'ಬಾಣಲೆ' ಎಂದೇ ಅಡ್ಡಹೆಸರು ಬಂತು. 1937ರಲ್ಲಿ ಪೇಟೆಂಟ್ ದೊರೆಯಿತು. ಕಾವಿಗೆ ಲೋಹ ಹಿಗ್ಗಿ ಶ್ರುತಿ ಕೆಡುತ್ತಿದ್ದುದರಿಂದ ಬೇಕಲೈಟಿನ ಒಡಲು ಬಂತು. ತಪ್ಪುವುದು, ತಿದ್ದುವುದು, ಮತ್ತೆ ಮಾಡುವುದು: ವಾದ್ಯ ಹುಟ್ಟುವುದು ಹೀಗೆಯೇ ಹೊರತು ವಂಶಾವಳಿಯಿಂದಲ್ಲ.

ನಿಜವಾಗಿ ಹೆಮ್ಮೆಪಡಬೇಕಾದದ್ದು ಬೇರೆ ಇದೆ. ಬ್ರಿಜ್ ಭೂಷಣ್ ಕಾಬ್ರಾ ಹವಾಯಿ ಗಿಟಾರಿನಲ್ಲಿ ರಾಗಗಳನ್ನು ನುಡಿಸಿ ತೋರಿಸಿದರು. ವಿಶ್ವಮೋಹನ ಭಟ್ಟರು ಗಿಟಾರಿಗೆ ಚಿಕಾರಿ, ತರಬ್ ತಂತಿಗಳನ್ನು ಕೂಡಿಸಿ ಮೋಹನವೀಣೆಯನ್ನು ರೂಪಿಸಿದರು. 1994ರಲ್ಲಿ ಗ್ರ್ಯಾಮಿ ಪಡೆದರು. ಇವರಾರೂ 'ಇದು ಮೊದಲೇ ನಮ್ಮದಿತ್ತು' ಎನ್ನುತ್ತ ಕೈಕಟ್ಟಿ ಕೂರಲಿಲ್ಲ. ದುಡಿದು ತಮ್ಮದಾಗಿಸಿಕೊಂಡರು.

ನೆರೆಯ ಮಿರಜವನ್ನೇ ನೋಡಿ. ಸಿತಾರ್ ಹುಟ್ಟಿದ್ದು ಅಲ್ಲಲ್ಲ. ಆಯುಧಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು, ಆಯುಧಗಳಿಗೆ ಬೇಡಿಕೆ ತಗ್ಗಿದಾಗ, ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯ ತಯಾರಿಕೆಗೆ ಇಳಿದರು. ಇಂದು ಮಿರಜದ ತಂಬೂರಿಯೆಂದರೆ ಗವಾಯಿಗಳು ತಲೆದೂಗುತ್ತಾರೆ. 2024ರಲ್ಲಿ ಅಲ್ಲಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯೂ ದೊರೆಯಿತು.

ನಮಗೇನು ಕೊರತೆ? ಕೊಪ್ಪಳದ ಮಗ್ಗುಲಲ್ಲೇ ಇರುವ ಕಿನ್ನಾಳದಲ್ಲಿ ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಜೀವಕಳೆ ತುಂಬುವ ಚಿತ್ರಗಾರರಿದ್ದಾರೆ. ಗಿಣಿಗೇರಿಯಲ್ಲಿ ಉಕ್ಕು ಕರಗುತ್ತದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಕೈಚಳಕವುಳ್ಳ ಬಡಿಗರಿದ್ದಾರೆ. ನಮ್ಮ ನಾಡಿನ ಬೀಟೆಮರವನ್ನು ಹೊರದೇಶಗಳ ಗಿಟಾರ್ ತಯಾರಕರು ದಶಕಗಳಿಂದ ಬಳಸುತ್ತಿದ್ದಾರೆ. ಮರ ಕೊಟ್ಟು ಗಿಟಾರ್ ಕೊಳ್ಳುವ ನಾವು 'ಗಿಟಾರ್ ನಮ್ಮದೇ' ಎನ್ನುವುದು ಎಷ್ಟು ಉಚಿತ?

ಸ್ಟೀಲ್ ಗಿಟಾರ್ ಕಟ್ಟುವುದು ವೀಣೆ ಕಟ್ಟಿದಷ್ಟು ಕಷ್ಟವಲ್ಲ. ಟೊಳ್ಳು ಕೊರೆಯಬೇಕಿಲ್ಲ, ಚೆನ್ನಾಗಿ ಒಣಗಿದ ಗಟ್ಟಿ ಹಲಗೆ ಸಾಕು. ಮೆಟ್ಟಿಲು ಕೂರಿಸಬೇಕಿಲ್ಲ, ಸ್ವರಸ್ಥಾನಕ್ಕೆ ಗೆರೆ ಎಳೆದರಾಯಿತು. ತಲೆಯ ಕಡೆಯ ಪಟ್ಟಿಗೂ ಕುದುರೆಗೂ ನಡುವೆ 22.5 ಇಂಚು ಅಂತರ, ಹಲಗೆಯಿಂದ ಮೇಲೆದ್ದು ನಿಂತ ಆರು ತಂತಿ, ಆರು ಬಿರಡೆ, ಸಾವಿರಾರು ಸುತ್ತು ತಾಮ್ರದ ಎಳೆ ಸುತ್ತಿದ ಪಿಕಪ್. ಗೆರೆಗಳ ಲೆಕ್ಕದಲ್ಲಿ ಮಾತ್ರ ಕೂದಲೆಳೆಯಷ್ಟೂ ತಪ್ಪಬಾರದು. ಗಣಿತವನ್ನು ದ್ವೇಷಿಸುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ನಿಮ್ಮಲ್ಲಿ ಐಟಿಐಗಳಲ್ಲಿ ಕಲಿಸುವವರಿದ್ದೀರಿ, ಕಾರ್ಖಾನೆಗಳಲ್ಲಿ ದುಡಿಯುವವರಿದ್ದೀರಿ. ನಿಮ್ಮ ಹುಡುಗರ ಕೈಗೆ ಹಲಗೆಯೊಂದನ್ನು ಕೊಡಿ. ಕಿನ್ನಾಳದವರಿಂದ ಅದಕ್ಕೆ ಬಣ್ಣ ಬರೆಸಿ, ಅವರ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ. ಆ ವಾದ್ಯ ಶ್ರುತಿಗೆ ನಿಂತ ದಿನ 'ಇದು ನಮ್ಮದು' ಎಂದು ಧಾರಾಳವಾಗಿ ಬರೆಯಿರಿ. ಆಗ ನಾನು ತಕರಾರು ಮಾಡುವುದಿಲ್ಲ.