ಒಂದೇ ಗುಟುಕಿಗೆ ಯಾಕೆ?

ಆಫೀಸ್ ಕೆಲಸದ ಮೇಲೆ ಶಾಂಘೈಗೆ ಹೋಗಿದ್ದಾಗ ಊಟದ ಮೇಜಲ್ಲಿ ಮೊದಲ ಸಲ ಮಾವೊತಾಯ್ ಮೂಸಿದೆ. ಸೋಯಾ ಸಾಸ್ ಬಾಟಲಿ ಮುಚ್ಚಳ ತೆಗೆದ ಹಾಗಿತ್ತು ಮಾರಾಯ್ರೇ! ಆದ್ರೆ ಅದು ದೋಷ ಅಲ್ಲ, ಅವರು ಬೇಕಂತಲೇ ಬರಿಸೋ ಪರಿಮಳ.

ಗುಯ್‌ಝೌ ಪ್ರಾಂತ್ಯದಲ್ಲಿ ಚಿಶುಯ್ ನದಿ ದಂಡೆಯ ಮಾವೊತಾಯ್ ಪಟ್ಟಣ ಇದರ ತವರು. ಸರಕು ನಮ್ಮ ರೊಟ್ಟಿಯದೇ, ಜೋಳ, ಅವರದು ಕೆಂಪು. ಗೋಧಿಯನ್ನು ಇಟ್ಟಿಗೆ ಥರ ಒತ್ತಿ ಬೂಷ್ಟು ಹಿಡಿಸಿದ 'ಚೂ' ಅದಕ್ಕೆ ಹೆಪ್ಪು. ಒಂದು ವರ್ಷದಲ್ಲಿ 9 ಸಲ ಬೇಯಿಸಿ, 8 ಸಲ ಹುದುಗಿಸಿ, 7 ಸಲ ಭಟ್ಟಿ ಇಳಿಸ್ತಾರೆ. ಒಂದೊಂದು ಭಟ್ಟಿಗೂ ಬೇರೆ ರುಚಿ. ಆಮೇಲೆ ಮಣ್ಣಿನ ಜಾಡಿಗಳಲ್ಲಿ ವರ್ಷಗಟ್ಟಲೆ ಇಟ್ಟು, ನಾಲಿಗೆ ನಂಬಿ ಬೆರೆಸ್ತಾರೆ. (ನಮ್ಮ ರಿಲೀಸ್‌ಗಳಿಗೆ ಇಷ್ಟು ಟೆಸ್ಟಿಂಗ್ ಇಲ್ಲ ಬಿಡಿ :))

ಇಷ್ಟೆಲ್ಲ ಮಾಡಿ 'ಗಾನ್‌ಬೇ' ಅಂತ ಒಂದೇ ಗುಟುಕಿಗೆ ಸುರ್ಕೊಳ್ಳೋದಾ? ಅದೂ ಶೇ. 53 ಆಲ್ಕೋಹಾಲ್! 1972ರಲ್ಲಿ ಚೌ ಎನ್‌ಲಾಯ್, ನಿಕ್ಸನ್ ಲೋಟ ಎತ್ತಿದ್ದೂ ಇದರದ್ದೇ, ಪರಂಪರೆ ಅಂತಾರೆ. ಕಸುಬು ಪರಂಪರೆ, ಒಪ್ಪಿದೆ. ಮೇಲಿನವರು ಲೋಟ ಎತ್ತಿದ್ರೆ ಕೆಳಗಿನವರು ಒಲ್ಲೆ ಅನ್ನಬಾರದು ಅನ್ನೋದು ದಬ್ಬಾಳಿಕೆ, ಅಷ್ಟೇ. ಪಕ್ಕದಲ್ಲಿದ್ದ ಹೊಸ ಹುಡುಗ ನಾಲ್ಕನೇದಕ್ಕೇ ಬಚ್ಚಲಿಗೆ ಓಡಿದ. ಎಲ್ಲರೂ ನಕ್ಕರು.

ನಾನು ಮುಂದಿನ ಲೋಟ ಹನಿ ಹನಿಯಾಗಿ ಕುಡಿದೆ. ಮ್ಯಾನೇಜರ್ ಹುಬ್ಬು ಗಂಟಿಕ್ಕಿದ್ರು. ಹುರಿದ ಕಾಳಿನ ಘಮ ಸಿಕ್ಕಿದ್ದು ಆಗಲೇ.