ಡಾಕ್ ಇರೋ ಗಡಿಯಾರ ರೇಡಿಯೋ ತಗೋಬೇಡಿ: 8 ಕ್ಯಾಪ್ಷನ್‌ಗಳಲ್ಲಿ ಒಂದು ಜಗಳ

ಭಾಗ 1/8: ಮೊದಲು ವಿಷಯ

ನೇರವಾಗಿ ಹೇಳ್ತೀನಿ. ಹಾಸಿಗೆ ಪಕ್ಕ ಇಡೋಕೆ ಒಂದು ಗಡಿಯಾರ ರೇಡಿಯೋ ತಗೊಳ್ಳಿ. ತಲೆ ಮೇಲೆ ಐಪಾಡ್ ಅಥವಾ ಫೋನ್ ಸಿಕ್ಕಿಸೋ ಡಾಕ್ ಇರೋದನ್ನ ಮಾತ್ರ ತಗೋಬೇಡಿ. ಹೊಸದಾಗಲಿ, ಸೆಕೆಂಡ್ ಹ್ಯಾಂಡ್ ಆಗಲಿ, ಅಮೆರಿಕದಿಂದ ಬಂದ ಮಾವ ಪುಕ್ಕಟೆ ಕೊಟ್ಟಿದ್ದೇ ಆಗಲಿ.

"ಈ ಕಾಲದಲ್ಲಿ ಯಾರ್ ಗುರು ಅದನ್ನ ತಗೊಳ್ತಾರೆ?" ಅಂತೀರಾ. ತಗೊಳ್ತಿದ್ದಾರೆ. ರೂಂ ಸೆಟಪ್ ರೀಲ್ಸ್ ನೋಡಿ: ಮಂದ ಬೆಳಕು, ಕೆಂಪು ಅಂಕಿ ಹೊಳೆಯೋ ಗಡಿಯಾರ, ಅದರ ನೆತ್ತಿ ಮೇಲೆ ಬಿಳಿ ಐಪಾಡ್. ಚೆನ್ನಾಗೇ ಕಾಣುತ್ತೆ, ಇಲ್ಲ ಅನ್ನಲ್ಲ. ನಮ್ಮ ಕ್ಲಾಸಲ್ಲೇ ಮೂರು ಜನ ಲಿಂಕ್ ಕಳಿಸಿ "ಇದು ತಗೊಳ್ಳಾ?" ಅಂತ ಕೇಳಿದ್ರು. ಒಬ್ಬೊಬ್ಬರಿಗೆ ಟೈಪ್ ಮಾಡೋ ಬದಲು ಇಲ್ಲೇ ಬರೀತಿದ್ದೀನಿ.

ದುಡ್ಡು ಒಂದು ಕಾರಣ. ನಿದ್ದೆ ಇನ್ನೊಂದು ಕಾರಣ. ಎರಡನೇದು ದೊಡ್ಡದು, ಅದು ಭಾಗ 5ರಲ್ಲಿ ಬರುತ್ತೆ. ಸ್ವೈಪ್ ಮಾಡಿ ಓಡಿಹೋಗಬೇಡಿ.

ಭಾಗ 2/8: ಒಂದು ತೂತಿನ ಕಥೆ

ಐಪಾಡ್ ಬಂದಿದ್ದು 2001ರಲ್ಲಿ. 30 ಪಿನ್ನಿನ ಅಗಲವಾದ ಡಾಕ್ ಕನೆಕ್ಟರ್ ಬಂದಿದ್ದು 2003ರಲ್ಲಿ. ಆಮೇಲೆ ಪ್ರಪಂಚದ ಅರ್ಧ ಸ್ಪೀಕರ್ ಕಂಪನಿಗಳು ಆ ಪಿನ್ನಿಗೆ ಜೋತುಬಿದ್ದವು. ಗಡಿಯಾರ, ರೇಡಿಯೋ, ಹೋಟೆಲ್ ರೂಮಿನ ಟೇಬಲ್, ಎಲ್ಲಾ ಕಡೆ ಡಾಕ್.

2012ರ ಸೆಪ್ಟೆಂಬರ್‌ನಲ್ಲಿ ಐಫೋನ್ 5 ಬಂತು, ಜೊತೆಗೆ ಲೈಟ್ನಿಂಗ್ ಅನ್ನೋ ಸಣ್ಣ ಕನೆಕ್ಟರ್ ಬಂತು. ಒಂದೇ ದಿನದಲ್ಲಿ ಅಷ್ಟೂ ಡಾಕ್‌ಗಳು ಹೊಸ ಫೋನಿಗೆ ಲೆಕ್ಕಕ್ಕಿಲ್ಲ. ಹಳೇ ಡಾಕ್ ಉಳಿಸ್ಕೋಬೇಕು ಅಂದ್ರೆ ಅಡಾಪ್ಟರ್ ತಗೋಬೇಕಿತ್ತು, ಅಮೆರಿಕದಲ್ಲಿ ಆಗ ಅದರ ಬೆಲೆ 29 ಡಾಲರ್ ಇತ್ತು. ಬೆರಳುದ್ದದ ಪ್ಲಾಸ್ಟಿಕ್ಕಿಗೆ!

ಲೈಟ್ನಿಂಗ್ ಆದ್ರೂ ಶಾಶ್ವತನಾ? 2023ರಲ್ಲಿ ಐಫೋನ್ 15 ಯುಎಸ್‌ಬಿ-ಸಿಗೆ ಹೋಯ್ತು. ಯುರೋಪ್ ಒಕ್ಕೂಟ ಎಲ್ಲ ಫೋನಿಗೂ ಒಂದೇ ಚಾರ್ಜಿಂಗ್ ಪೋರ್ಟ್ ಇರಬೇಕು ಅಂತ ಕಾನೂನು ಮಾಡಿತ್ತು, ಅದಕ್ಕೆ. ನಡುವೆ 2022ರ ಮೇನಲ್ಲಿ ಐಪಾಡ್ ನಿಲ್ಲಿಸ್ತೀವಿ ಅಂತ ಆಪಲ್ ಹೇಳಿಯೂ ಆಯ್ತು.

ಇನ್ನೂ ಒಂದು ತಮಾಷೆ. ಪಿನ್ ಅದೇ ಇದ್ದಾಗಲೂ ನೆಮ್ಮದಿ ಇರಲಿಲ್ಲ. ಹಳೇ ಡಾಕ್‌ಗಳಲ್ಲಿ ಕೆಲವು ಫೈರ್‌ವೈರ್ ಪಿನ್‌ಗಳ ಮೂಲಕ 12 ವೋಲ್ಟ್ ಕೊಟ್ಟು ಚಾರ್ಜ್ ಮಾಡ್ತಿದ್ದವು. 2008ರ ಐಫೋನ್ 3ಜಿ ಅದನ್ನ ತಗೊಳ್ಳೋದೇ ಬಿಟ್ಟಿತು. ಫೋನ್ ಡಾಕ್‌ನಲ್ಲಿ ಸರಿಯಾಗಿ ಕೂರುತ್ತೆ, ಹಾಡೂ ಬರುತ್ತೆ, ಬ್ಯಾಟರಿ ಮಾತ್ರ ಇಳೀತಾನೇ ಇರುತ್ತೆ. ಕೂತಿದೆ ಅಂದಮಾತ್ರಕ್ಕೆ ಕೆಲಸ ಮಾಡ್ತಿದೆ ಅಂತಲ್ಲ. ಲಾಸ್ಟ್ ಬೆಂಚಿನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ಭಾಗ 3/8: ನಮ್ಮ ಬಿಕಾಂ ಲೆಕ್ಕ

ಸವಕಳಿ ಚಾಪ್ಟರ್ ಬರೀ ಎಕ್ಸಾಮಿಗೆ ಓದಿದ್ರೆ ಹೆಂಗೆ? ಇಲ್ಲಿ ಹಾಕೋಣ.

ಇಂಡ್ ಎಎಸ್ 16 ಏನು ಹೇಳುತ್ತೆ? ಒಂದು ಆಸ್ತಿಯ ದೊಡ್ಡ ಭಾಗಗಳ ಆಯಸ್ಸು ಬೇರೆ ಬೇರೆ ಇದ್ರೆ, ಸವಕಳಿಯನ್ನೂ ಬೇರೆ ಬೇರೆ ಲೆಕ್ಕ ಹಾಕಿ ಅನ್ನುತ್ತೆ. ವಿಮಾನದ ಬಾಡಿ ಬೇರೆ, ಎಂಜಿನ್ ಬೇರೆ. ಈಗ ಡಾಕ್ ರೇಡಿಯೋ ನೋಡಿ. ಬೆಲೆ ಬರೀ ಉದಾಹರಣೆಗೆ 6000 ರೂಪಾಯಿ ಅಂದ್ಕೊಳ್ಳಿ. ಅದರಲ್ಲಿ ಗಡಿಯಾರ, ರೇಡಿಯೋ, ಸ್ಪೀಕರ್ ಸೇರಿ 4500, ಆಯಸ್ಸು 15 ವರ್ಷ. ವರ್ಷಕ್ಕೆ 300 ಸವಕಳಿ. ಡಾಕ್ ಪಾಲು 1500, ನೀವು ಫೋನ್ ಬದಲಾಯಿಸೋವರೆಗೆ ಅಂದ್ರೆ 3 ವರ್ಷ. ವರ್ಷಕ್ಕೆ 500.

ಕಾಲುಭಾಗ ಬೆಲೆಯ ತುಂಡು, ಉಳಿದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತಿನ್ನುತ್ತೆ. ಎಂಜಿನ್ ಕೆಟ್ರೆ ಬಿಚ್ಚಿ ಹೊಸದು ಹಾಕಬಹುದು. ಡಾಕ್ ಹಳೇದಾದ್ರೆ? ಅದು ಡಬ್ಬಕ್ಕೇ ಅಂಟಿದೆ. ಚೆನ್ನಾಗಿ ಟೈಮ್ ತೋರಿಸೋ, ಚೆನ್ನಾಗಿ ಹಾಡೋ ಡಬ್ಬದ ನೆತ್ತಿ ಮೇಲೆ ಒಂದು ಸತ್ತ ಹಲ್ಲು ಉಳಿಯುತ್ತೆ. ಕೊನೆಗೆ ಇಡೀ ಡಬ್ಬ ಅಟ್ಟಕ್ಕೆ, ಅಲ್ಲಿಂದ ಗುಜರಿಗೆ.

15 ವರ್ಷ ಬಾಳೋದನ್ನ 3 ವರ್ಷ ಬಾಳೋದಕ್ಕೆ ಅಂಟಿಸಿ ಮಾರಿದ್ರೆ ಲಾಭ ಯಾರಿಗೆ? ನಮಗಂತೂ ಅಲ್ಲ.

ಭಾಗ 4/8: ಫಾರಿನ್ ಮಾವನ ಗಿಫ್ಟ್

ಇದು ಸೂಕ್ಷ್ಮ ವಿಷಯ. ಮಾವಂದಿರು ಬೇಜಾರು ಮಾಡ್ಕೋಬಾರದು.

ಅಮೆರಿಕದಲ್ಲಿ ಕರೆಂಟು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ವೋಲ್ಟೇಜ್ ಇಳಿಸೋಕೆ ಟ್ರಾನ್ಸ್‌ಫಾರ್ಮರ್ ಸಿಗುತ್ತೆ, ಆದ್ರೆ ಅದು ಹರ್ಟ್ಜ್ ಬದಲಾಯಿಸಲ್ಲ. ಗೋಡೆಗೆ ಸಿಕ್ಕಿಸೋ ಗಡಿಯಾರ ರೇಡಿಯೋಗಳಲ್ಲಿ ಎಷ್ಟೋ ಮಾಡೆಲ್‌ಗಳು ಕರೆಂಟಿನ ಅಲೆ ಎಣಿಸಿಯೇ ಟೈಮ್ ಇಡ್ತವೆ. 60 ಅಲೆ ಬಂದ್ರೆ ಒಂದು ಸೆಕೆಂಡ್ ಅಂತ ಎಣಿಸೋ ಗಡಿಯಾರಕ್ಕೆ ಇಲ್ಲಿ ಸಿಗೋದು ಸೆಕೆಂಡಿಗೆ 50. ಅಂದ್ರೆ ನಿಜವಾದ ಒಂದು ಗಂಟೆ ಆದಾಗ ಅದು 50 ನಿಮಿಷ ತೋರಿಸುತ್ತೆ.

ರಾತ್ರಿ 11ಕ್ಕೆ ಟೈಮ್ ಸರಿ ಮಾಡಿ, ಬೆಳಗ್ಗೆ 6ಕ್ಕೆ ಅಲಾರಾಂ ಇಟ್ಟು ಮಲಗಿ. ಅದು ಹೊಡೆಯೋದು 7:24ಕ್ಕೆ. ಸೆಮಿಸ್ಟರ್ ಎಕ್ಸಾಮ್ ದಿನ ಆದ್ರೆ ಕಥೆ ಮುಗೀತು.

ಇನ್ನು ರೇಡಿಯೋ. ಅಮೆರಿಕದ ಎಫ್‌ಎಂ ಸ್ಟೇಷನ್‌ಗಳೆಲ್ಲ ಬೆಸ ದಶಮಾಂಶದಲ್ಲಿ ಬರ್ತವೆ: 88.1, 88.3, ಹೀಗೆ. ಅಲ್ಲಿಗಂತಲೇ ಮಾಡಿದ ಡಿಜಿಟಲ್ ಟ್ಯೂನರ್ ಅಷ್ಟಷ್ಟೇ ಹೆಜ್ಜೆ ಇಡುತ್ತೆ. ಬೆಂಗಳೂರಿನ ವಿವಿಧ ಭಾರತಿ 102.9, ಕಾಮನಬಿಲ್ಲು 101.3, ಅದೃಷ್ಟಕ್ಕೆ ಎರಡೂ ಸಿಗ್ತವೆ. ಮೈಸೂರು ಆಕಾಶವಾಣಿ 100.6. ಸಿಗಲ್ಲ! 100.5 ಇಲ್ಲಾಂದ್ರೆ 100.7, ಮಧ್ಯೆ ನಿಲ್ಲಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ ಶುರುವಾದ ಕೇಂದ್ರ ಅದು, ದೇಶದ ರೇಡಿಯೋಗೆ ಆಕಾಶವಾಣಿ ಅನ್ನೋ ಹೆಸರು ಹೋಗಿದ್ದು ಅಲ್ಲಿಂದ. ಅದನ್ನೇ ಹಿಡಿಯದ ರೇಡಿಯೋ ಮೈಸೂರಿನ ಪಿಜಿಯಲ್ಲಿ ಯಾಕೆ ಬೇಕು?

ಕೆಲವು ಸೆಟ್‌ಗಳ ಹಿಂದೆ ದೇಶ ಬದಲಾಯಿಸೋ ಸ್ವಿಚ್ ಇರುತ್ತೆ. ಇದ್ರೆ ಬಚಾವ್. ನೋಡಿ ತಗೊಳ್ಳಿ.

ಭಾಗ 5/8: ನಿಜವಾದ ಜಗಳ ಇಲ್ಲಿದೆ

ಹಾಸಿಗೆ ಪಕ್ಕ ಬೇರೆ ಗಡಿಯಾರ ಯಾಕೆ ಬೇಕು? ಫೋನಲ್ಲಿ ಅಲಾರಾಂ ಇದೆ, ಹಾಡಿದೆ, ಟೈಮಿದೆ. ಬೇಕಾಗಿರೋದು ಒಂದೇ ಕಾರಣಕ್ಕೆ: ರಾತ್ರಿ ಫೋನ್ ಕೈಗೆ ಸಿಗಬಾರದು.

ನಮಗೆಲ್ಲ ಗೊತ್ತಿರೋ ವಿಷಯ ಇದು. "ಅಲಾರಾಂ ಇಡ್ತೀನಿ" ಅಂತ 11 ಗಂಟೆಗೆ ಫೋನ್ ತೆಗೆದ್ರೆ ಅಲಾರಾಂ ಇಡೋದು 12:40ಕ್ಕೆ. ನಡುರಾತ್ರಿ ಎಚ್ಚರ ಆಗಿ "ಟೈಮ್ ಎಷ್ಟು" ಅಂತ ನೋಡಿದ್ರೆ ಟೈಮ್ ಜೊತೆ 14 ನೋಟಿಫಿಕೇಶನ್ ಕಾಣುತ್ತೆ. ಬೆಳಗ್ಗೆ ಅಲಾರಾಂ ಆರಿಸೋ ಕೈ ಹಂಗೇ ರೀಲ್ಸ್‌ಗೆ ಹೋಗುತ್ತೆ. ಇದನ್ನ ಇದೇ ಆ್ಯಪ್‌ನಲ್ಲಿ ಓದ್ತಿದ್ದೀರ ಅಂತ ನನಗೂ ಗೊತ್ತು. ಹಗಲು ಓದಿ.

ಗಡಿಯಾರ ಈ ಮೂರೂ ನೆಪಗಳನ್ನ ಕಿತ್ತುಕೊಳ್ಳುತ್ತೆ. ಟೈಮ್ ಅಲ್ಲೇ ಇದೆ, ಅಲಾರಾಂ ಅಲ್ಲೇ ಇದೆ, ಮಲಗೋ ಮುಂಚೆ ಕೇಳೋಕೆ ರೇಡಿಯೋನೂ ಇದೆ. ಫೋನ್ ರೂಮಿನ ಆ ಮೂಲೆಯಲ್ಲಿ ಚಾರ್ಜ್ ಆಗ್ಲಿ.

ಈಗ ಡಾಕ್ ಏನು ಮಾಡುತ್ತೆ ನೋಡಿ. ಮೂಲೆಗೆ ಕಳಿಸಿದ ಫೋನನ್ನ "ಬಾರಪ್ಪಾ" ಅಂತ ಕರೆದು, ದಿಂಬಿನಿಂದ ಒಂದು ಮೊಳ ದೂರದಲ್ಲಿ, ಮುಖಕ್ಕೆ ಮುಖ ಮಾಡಿ, ನೇರ ನಿಲ್ಲಿಸುತ್ತೆ. ಕೈಯಲ್ಲಿ ಹಿಡಿಯೋ ಕಷ್ಟವೂ ಇಲ್ಲ, ಬ್ಯಾಟರಿ ಮುಗಿಯೋ ಭಯವೂ ಇಲ್ಲ. ಕಳ್ಳ ಬರದಿರಲಿ ಅಂತ ಬಾಗಿಲು ಹಾಕಿಸಿ, ಆ ಬಾಗಿಲಿಗೆ ಕಳ್ಳನಿಗೊಂದು ಕುರ್ಚಿ ಜೋಡಿಸಿದ ಹಂಗೆ. ದುಡ್ಡು ಕೊಟ್ಟು!

ಭಾಗ 6/8: ನಿಮ್ಮ ಪ್ರಶ್ನೆಗಳಿಗೆ

"ಬರೀ ಐಪಾಡ್ ಇಡ್ತೀನಿ, ಅದರಲ್ಲಿ ರೀಲ್ಸ್ ಇಲ್ವಲ್ಲ?" ಒಳ್ಳೆ ಪ್ರಶ್ನೆ. ಹಳೇ ಐಪಾಡ್ ಕೆಲಸ ಮಾಡ್ತಿದ್ರೆ ಖಂಡಿತ ಬಳಸಿ, ನಿದ್ದೆಗೆ ಅದರಿಂದ ತೊಂದ್ರೆ ಇಲ್ಲ. ಆದ್ರೆ ಅದಕ್ಕೆ ಡಾಕ್ ಬೇಡ. ಅದರ ಇಯರ್‌ಫೋನ್ ತೂತಿಂದ ರೇಡಿಯೋದ ಆಕ್ಸ್ ತೂತಿಗೆ ಒಂದು ವೈರ್ ಸಾಕು. ನಾಳೆ ಐಪಾಡ್ ಬ್ಯಾಟರಿ ಸತ್ರೂ ಗಡಿಯಾರಕ್ಕೆ ಏನೂ ಆಗಲ್ಲ.

"ಆಕ್ಸ್ ತೂತೂ ಫೋನಿಂದ ಹೋಯ್ತಲ್ಲ, 2016ರಲ್ಲೇ ಐಫೋನ್ 7ರಲ್ಲಿ ತೆಗೆದ್ರು?" ಹೌದು, ತೆಗೆದ್ರು. ಆಗ ಬದಲಾಯಿಸಬೇಕಾಗಿದ್ದು ಒಂದು ತುಂಡು ವೈರ್. ಡಬ್ಬ ಅಲ್ಲೇ ಉಳೀತು. ಆಕ್ಸ್‌ಗೂ ಡಾಕ್‌ಗೂ ಇರೋ ವ್ಯತ್ಯಾಸ ಇಷ್ಟೇ: ಕಾಲ ಬದಲಾದಾಗ ಅಗ್ಗದ ವಸ್ತು ಹೋಗಬೇಕೋ, ದುಬಾರಿ ವಸ್ತು ಹೋಗಬೇಕೋ? ಬ್ಲೂಟೂತ್ ಇದ್ರೆ ಇನ್ನೂ ಸಲೀಸು, ಫೋನ್ ಮೂಲೆಯಲ್ಲಿದ್ದೇ ಹಾಡು ಕಳಿಸಬಹುದು.

"ವೈರ್‌ಲೆಸ್ ಚಾರ್ಜಿಂಗ್ ಇರೋ ಹೊಸ ಗಡಿಯಾರ?" ಪಿನ್ ಸಮಸ್ಯೆ ಅಲ್ಲಿಲ್ಲ, ಒಪ್ತೀನಿ. ಕಳ್ಳನ ಕುರ್ಚಿ ಹಂಗೇ ಇದೆ.

"ಸಾವಿರಾರು ರೂಪಾಯಿ ಕೊಟ್ಟು ಆಗಿದೆ, ಬಿಸಾಕಲಾ?" ಬೇಡ. ಕೊಟ್ಟ ದುಡ್ಡು ಸಂಕ್ ಕಾಸ್ಟ್, ವಾಪಸ್ ಬರಲ್ಲ, ಅದನ್ನ ಮರೀರಿ. ಡಾಕ್ ಮೇಲೆ ಒಂದು ಸಣ್ಣ ಬಟ್ಟೆ ಹೊದಿಸಿ, ಬರೀ ಗಡಿಯಾರ ರೇಡಿಯೋ ಆಗಿ ಬಳಸಿ.

ಭಾಗ 7/8: ಅಂಗಡಿಯಲ್ಲಿ ಇದಿಷ್ಟು ಕೇಳಿ (ಸೇವ್ ಮಾಡ್ಕೊಳ್ಳಿ)

1. ಕರೆಂಟ್ ಹೋದ್ರೆ ಏನಾಗುತ್ತೆ? "ಬ್ಯಾಟರಿ ಬ್ಯಾಕಪ್ ಇದೆ" ಅಂದ್ರೆ ತಲೆ ಆಡಿಸಬೇಡಿ. ಬಿಲ್ಲೆ ಬ್ಯಾಟರಿ ಹಾಕೋ ಎಷ್ಟೋ ಸೆಟ್‌ಗಳು ಟೈಮ್ ನೆನಪಿಟ್ಕೊಳ್ತವೆ, ಕರೆಂಟ್ ಇಲ್ಲದಾಗ ಅಲಾರಾಂ ಹೊಡೆಯಲ್ಲ. ಅಂಗಡಿಯಲ್ಲೇ ಎರಡು ನಿಮಿಷಕ್ಕೆ ಅಲಾರಾಂ ಇಟ್ಟು ಪ್ಲಗ್ ಕೀಳಿ. ಹೊಡೀತಾ? ತಗೊಳ್ಳಿ. ಬ್ಯಾಕಪ್ಪೇ ಇಲ್ಲದಿದ್ರೆ ನಡುರಾತ್ರಿ ಒಂದು ಸಲ ಕರೆಂಟ್ ಹೋಗಿ ಬಂದ್ರೂ ಬೆಳಗ್ಗೆ 12:00 ಅಂತ ಮಿಣುಕ್ತಿರುತ್ತೆ, ಅಷ್ಟೇ.

2. ಬೆಳಕು ಕಮ್ಮಿ ಮಾಡಬಹುದಾ? ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಗೊತ್ತಾಗಲ್ಲ, ಕತ್ತಲಲ್ಲಿ ಕಣ್ಣು ಚುಚ್ಚುತ್ತೆ. ನೀಲಿ ಅಂಕಿಗಿಂತ ಕೆಂಪು ವಾಸಿ. ನಿದ್ದೆಗೆ ಬೇಕಾದ ಮೆಲಟೋನಿನ್ನನ್ನ ನೀಲಿ ಬೆಳಕು ಹೆಚ್ಚು ತಡೆಯುತ್ತೆ.

3. ರೇಡಿಯೋ ಅಲಾರಾಂ ಜೊತೆ ಬಜರ್ ಇದೆಯಾ? ಸ್ಟೇಷನ್ ಸಿಗ್ನಲ್ ಕೈಕೊಟ್ಟ ದಿನ ಬರೀ ಗೊರಗೊರ ಬಂದ್ರೆ ನೀವು ಏಳಲ್ಲ.

4. ಎಫ್‌ಎಂ 0.1 ಅಥವಾ 0.05ರ ಹೆಜ್ಜೆಯಲ್ಲಿ ಹೋಗುತ್ತಾ? ಮೇಲಿನ 100.6 ಕಥೆ ನೆನಪಿಡಿ.

5. ಏರಿಯಲ್ ವೈರ್ ಬಿಚ್ಚಿ ಹರಡೋ ಹಂಗಿದೆಯಾ? ಎಫ್‌ಎಂಗೆ ಸುಮಾರು 75 ಸೆಂಟಿಮೀಟರ್ ಉದ್ದದ ವೈರ್ ಒಳ್ಳೇದು. ಸುತ್ತಿ ಹಿಂದೆ ತುರುಕಿದ್ರೆ ರೇಡಿಯೋ ಬೈಬೇಡಿ.

6. ಸ್ನೂಜ್ ದೊಡ್ಡದಾಗಿ, ಅಲಾರಾಂ ಆಫ್ ಮಾಡೋ ಗುಂಡಿ ಬೇರೆ ಕಡೆ ಇರಲಿ. ಎರಡೂ ಅಕ್ಕಪಕ್ಕ ಇದ್ರೆ ನಿದ್ದೆಗಣ್ಣಲ್ಲಿ ಯಾವುದು ಒತ್ತಿದ್ವಿ ಅಂತ ದೇವರಿಗೇ ಗೊತ್ತು.

7. ಆಕ್ಸ್ ಅಥವಾ ಬ್ಲೂಟೂತ್ ಇದ್ರೆ ಸಂತೋಷ. ಇಲ್ಲದಿದ್ರೂ ಪರವಾಗಿಲ್ಲ.

ಭಾಗ 8/8: ಕೊನೇ ಮಾತು

ಡಾಕ್ ಮಾರಿದವರು ಹೇಳಿದ್ದು "ನಿಮ್ಮ ಹಾಡು, ನಿಮ್ಮ ಇಷ್ಟ" ಅಂತ. ಆದ್ರೆ ತೂತಿನ ಆಕಾರ ಅವರ ಇಷ್ಟ, ಯಾವಾಗ ಬದಲಾಯಿಸಬೇಕು ಅನ್ನೋದೂ ಅವರ ಇಷ್ಟ. ನಮ್ಮ ಇಷ್ಟ ಅಂತ ಉಳಿದಿದ್ದು ಮತ್ತೆ ದುಡ್ಡು ಕೊಡೋದೊಂದೇ.

ಎಫ್‌ಎಂ ನೋಡಿ. ಅದಕ್ಕೆ ಲಾಗಿನ್ ಇಲ್ಲ, ಡೇಟಾ ಇಲ್ಲ, ಮುಂದಿನ ವರ್ಷದ ಪಿನ್ ಇಲ್ಲ. ವಿವಿಧ ಭಾರತಿ 1957ರಿಂದ ಹಾಡ್ತಿದೆ. ನಮ್ಮ ಕಡೆ ಇಪ್ಪತ್ತು ವರ್ಷ ಹಳೇ ಎಫ್‌ಎಂ ಸೆಟ್‌ಗೆ ಇವತ್ತು ಪ್ಲಗ್ ಹಾಕಿದ್ರೂ 102.9 ಬರುತ್ತೆ. ಇಪ್ಪತ್ತು ವರ್ಷ ಹಳೇ ಡಾಕ್‌ಗೆ ಇವತ್ತಿನ ಯಾವ ಫೋನ್ ಕೂರುತ್ತೆ ಹೇಳಿ ನೋಡೋಣ. ಇನ್ನೊಂದು: ರೇಡಿಯೋದಲ್ಲಿ ಮುಂದಿನ ಹಾಡು ನಾವು ಆರಿಸೋ ಹಂಗಿಲ್ಲ. ಮಲಗೋ ಹೊತ್ತಲ್ಲಿ ಅದೇ ವರ. ಆರಿಸೋ ಕೆಲಸ ಇಲ್ಲ ಅಂದ್ರೆ ಕಣ್ಣು ತಾನಾಗೇ ಮುಚ್ಚುತ್ತೆ.

ಈ ವಾರ ಒಂದು ಕೆಲಸ ಮಾಡಿ. ಹೊಸದೇನೂ ತಗೋಬೇಡಿ. ಮನೆಯಲ್ಲಿರೋ ಹಳೇ ಟೈಂಪೀಸ್ ಹುಡುಕಿ, ಸೆಲ್ ಹಾಕಿ, ಮೂರು ರಾತ್ರಿ ಫೋನನ್ನ ಮೂಲೆಗೆ ಹಾಕಿ ಮಲಗಿ. ನಿದ್ದೆ ಸರಿ ಬಂದ್ರೆ ಆಮೇಲೆ ಗಡಿಯಾರ ರೇಡಿಯೋಗೆ ದುಡ್ಡು ಕೂಡಿಸಿ. ಬರಲಿಲ್ಲ ಅಂದ್ರೆ ಕಾಮೆಂಟಲ್ಲಿ ಬಂದು ಬೈರಿ, ಉತ್ತರ ಕೊಡ್ತೀನಿ.

ರಾತ್ರಿ 10ರ ಮೇಲೆ ಮಾತ್ರ ಉತ್ತರ ಬರಲ್ಲ. ನನ್ನ ಫೋನ್ ಆ ಮೂಲೆಯಲ್ಲಿರುತ್ತೆ.

#ಡಾಕ್‌ಬೇಡ #ಗಡಿಯಾರರೇಡಿಯೋ #ಬಿಕಾಂಲೆಕ್ಕ #ಫೋನ್‌ಮೂಲೆಗೆ #ಕನ್ನಡಕ್ಯಾಪ್ಷನ್