ಗುಂಪಿನಲ್ಲಿ ಓದಿದ ಶಾಸನಕ್ಕೆ ಊರಿಲ್ಲ, ಹೆಸರಿಲ್ಲ

ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಚಿಗರಿ ಬಸ್ ಹತ್ತಿದರೆ ತಾಸಿನೊಳಗೆ ಧಾರವಾಡ. 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಇರುವುದು ಅಲ್ಲೇ. ಆದರೆ ಈ ಸುತ್ತಿನ ಹುಡುಗನೊಬ್ಬನಿಗೆ ಹೊಲದ ಬದುವಿನಲ್ಲಿ ಅಕ್ಷರ ಕೊರೆದ ಕಲ್ಲು ಕಂಡರೆ ಅವನು ಬಸ್ ಹತ್ತುವುದಿಲ್ಲ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾನೆ. ಮೈಸೂರಿನಲ್ಲೋ ಹಂಪಿಯಲ್ಲೋ ಇರುವ ಬಲ್ಲವರು ಸಂಜೆಯೊಳಗೆ ನಾಲ್ಕು ಸಾಲು ಓದಿ ಹೇಳುತ್ತಾರೆ. ಪರಿಚಯಪತ್ರವಿಲ್ಲದ ಹುಡುಗನಿಗೆ ಹಿಂದೆ ಈ ಭಾಗ್ಯವಿರಲಿಲ್ಲ.

ಈ ಭಾಗ್ಯದ ಬೆಲೆ ನಮ್ಮ ಕಡೆಯವರಿಗೆ ಹೆಚ್ಚು ಗೊತ್ತು. ಲೂಯಿ ರೈಸರ ಶಾಸನ ಸಂಪುಟಮಾಲೆ ‘ಎಪಿಗ್ರಾಫಿಯ ಕರ್ನಾಟಿಕ’ ಮೈಸೂರು, ಕೊಡಗಿಗೆ ಮುಗಿಯಿತು. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ ಸೀಮೆ ಆ ಲೆಕ್ಕಕ್ಕೆ ಬರಲಿಲ್ಲ. ಇಲ್ಲಿನ ಶಾಸನಗಳನ್ನು ಜೆ.ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬಿಡಿಬಿಡಿಯಾಗಿ ಪ್ರಕಟಿಸಿದರು, ಆಮೇಲೆ ಆರ್.ಎಸ್. ಪಂಚಮುಖಿ, ಎಂ.ಎಂ. ಕಲಬುರ್ಗಿಯವರಂಥವರು ಆ ಕೆಲಸ ಮುಂದುವರಿಸಿದರು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು. ಅದು ಸಂಪುಟ ಸೇರಲು ವರ್ಷಗಳೇ ಹಿಡಿಯುತ್ತಿದ್ದವು. ಆದರೆ ಅಚ್ಚಾದ ಪುಟದಲ್ಲಿ ಊರು, ಕಲ್ಲು ನಿಂತ ಜಾಗ, ಓದಿದವರ ಹೆಸರು ಇರುತ್ತಿದ್ದವು. ‘ಈ ಓದು ತಪ್ಪು’ ಎಂದು ಮುಂದೆ ಬಂದವರು ಜಗಳ ತೆಗೆಯಲೂ ಆಗುತ್ತಿತ್ತು.

ಈಗ ಕಳೆದುಹೋಗುತ್ತಿರುವುದು ಊರು, ಹೆಸರುಗಳ ಈ ಗುರುತೇ. ವಾಟ್ಸ್‌ಆ್ಯಪ್‌ನಲ್ಲಿ ಸಾದಾ ಫೋಟೊ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಸವೆದ ಅಕ್ಷರದ ಅಂಚೇ ಮೊದಲು ಮಾಯ. ಫೋಟೊದೊಳಗಿದ್ದ ಜಿಪಿಎಸ್ ಗುರುತೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಎರಡೂ ಉಳಿಯುತ್ತವೆ, ಆದರೆ ಅಷ್ಟು ತಾಳ್ಮೆ ಯಾರಿಗಿದೆ? ಮೂರು ಗುಂಪು ದಾಟುವಷ್ಟರಲ್ಲಿ ‘ಧಾರವಾಡ ಕಡೆಯ ಶಾಸನ’ ಅನ್ನುವುದಷ್ಟೇ ಉಳಿದಿರುತ್ತದೆ. ಕಣ್ಣು ಕೆಂಪಾಗಿಸಿಕೊಂಡು ಓದಿಕೊಟ್ಟ ನಿವೃತ್ತ ಮಾಸ್ತರರ ಶಾಸನಪಾಠ ಯಾರದೋ ಪಿಎಚ್.ಡಿ. ಪ್ರಬಂಧಕ್ಕೆ ಸದ್ದಿಲ್ಲದೆ ಸೇರಬಹುದು. ಅವರ ಹಕ್ಕಿಗೆ ಸಾಕ್ಷಿ ಒಂದು ಚಾಟ್. ಫೋನು ಬದಲಾದರೆ ಅದೂ ಇಲ್ಲ.

ಹಾಗೆಂದು ಜಾಲತಾಣಗಳನ್ನು ಬೈದು ಪ್ರಯೋಜನವಿಲ್ಲ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಅದನ್ನು ಬೆಳಕಿಗೆ ತಂದವರು ಫೇಸ್‌ಬುಕ್‌ನಲ್ಲಿ ಜೊತೆಗೂಡಿದ್ದ ಹವ್ಯಾಸಿಗಳು; ಮುಂದಾಳು ಪಿ.ಎಲ್. ಉದಯಕುಮಾರ್ ಓದಿದ್ದು ಎಂಜಿನಿಯರಿಂಗ್. ಅವರ ಕೈಯಲ್ಲಿದ್ದದ್ದು ರೈಸರ 1905ರ ಸಂಪುಟ. ಅದರಲ್ಲಿ ಪಟ್ಟಿಯಾಗಿದ್ದ ಕಲ್ಲುಗಳಲ್ಲಿ ಎಷ್ಟೋ ಕಾಣೆಯಾಗಿವೆ ಎಂದು ತಿಳಿದದ್ದೂ ಪುಸ್ತಕದಲ್ಲಿ ಊರಿನ ಹೆಸರಿದ್ದುದರಿಂದಲೇ. ಅವರು ಪೋಸ್ಟ್ ಹಾಕಿ ಸುಮ್ಮನಾಗಲಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಆಸರೆಯಲ್ಲಿ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡಿ, ಪಾಠ ಸಿದ್ಧಪಡಿಸಿ, ನಕ್ಷೆಯ ಮೇಲೆ ಗುರುತಿಸಿ ಎಲ್ಲರಿಗೂ ಸಿಗುವಂತೆ ಇಟ್ಟರು.

ಜಾಗ ಬರೆದರೆ ನಿಧಿಗಳ್ಳರು ಗುದ್ದಲಿ ಹಿಡಿದು ಬರುತ್ತಾರೆ ಎಂಬ ಆಕ್ಷೇಪವಿದೆ. ಸುಳ್ಳಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಬದುವಿನ ಕಲ್ಲಿಗೆ ಯಾರಿದ್ದಾರೆ? ಅದಕ್ಕೇ ಜಾಗ ದಾಖಲೆಯಲ್ಲಿರಲಿ, ಅಪಾಯವಿರುವ ಕಡೆ ಬಹಿರಂಗವಾಗದಿರಲಿ. ಹಾಗೆ ಕಾಯಬಲ್ಲದ್ದು ಸಂಸ್ಥೆಯೇ ಹೊರತು ಗುಂಪಿನ ಅಡ್ಮಿನ್ ಅಲ್ಲ.

ಧಾರವಾಡದ ವಿದ್ಯಾಸಂಸ್ಥೆಗಳಿಗೆ ಇಂಥ ದಾಖಲೆ ಇಡುವುದು ದೊಡ್ಡ ಖರ್ಚಿನ ಬಾಬೂ ಅಲ್ಲ. ಮೂಲ ಫೋಟೊ, ಜಾಗ, ಕಂಡವರು, ಓದಿದವರು, ದಿನಾಂಕ ಇಷ್ಟನ್ನು ಬರೆದುಕೊಂಡು ಪ್ರತಿ ಕಲ್ಲಿಗೂ ಒಂದು ಕ್ರಮಸಂಖ್ಯೆ ಕೊಡಲು ಒಬ್ಬ ಸಂಶೋಧನ ಸಹಾಯಕ ಸಾಕು. ಆ ಸಂಖ್ಯೆ ಉಲ್ಲೇಖಿಸದ ಪ್ರಬಂಧವನ್ನು ಮಾರ್ಗದರ್ಶಕರು ವಾಪಸ್ ಕಳಿಸಲಿ. ಗುಂಪಿನಲ್ಲಿ ಓದಿಕೊಟ್ಟ ಮಾಸ್ತರರ ಹೆಸರು ಅಡಿಟಿಪ್ಪಣಿಗೆ ಬರುವುದು ಆಗ.